ಫಿರೋಜಾಬಾದ್ ಮಸೀದಿಗೆ ಅಂಗಳ ಇತ್ತಾ?

ಗುಲ್ಬರ್ಗಾದ ಜಾಮಿಯಾ ಮಸೀದಿಯ ಹಾಗೆ ಭೀಮಾ ದಂಡೆಯ ಫಿರೋಜಾಬಾದ್ ಮಸೀದಿಯೂ ಪೂರ್ತಿ ಚಾವಣಿ ಹೊದ್ದಿತ್ತಾ ಅಂತ ಕೇಳಿದ್ದೀರಿ. ಇಲ್ಲ. ಗುಲ್ಬರ್ಗಾದ್ದು 1367ರದ್ದು, ಅದಕ್ಕೆ ಅಂಗಳವೇ ಇಲ್ಲ. ಅದೇ ಅಪರೂಪ. ಫಿರೋಜಾಬಾದ್‌ನದ್ದು ಮಾಮೂಲಿ ರೀತಿಯದು: ನಡುವೆ ದೊಡ್ಡ ಬಯಲು ಅಂಗಳ, ಪಶ್ಚಿಮಕ್ಕೆ ನಮಾಜಿನ ಹಜಾರ. ಹಜಾರ ಕುಸಿದು ಹೋಗಿದೆ. ಅದಕ್ಕೇ ಫೋಟೋದಲ್ಲಿ ಬರೀ ಗೋಡೆ ಕಾಣೋದು.

ನಾವು ಅಕ್ಕಲಕೋಟೆಯವರು, ರೈಲು ಹತ್ತಿದರೆ ಗುಲ್ಬರ್ಗಾ ದೂರವಲ್ಲ. ಅಲ್ಲಿಂದ ಮುಂದೆ ಸುಮಾರು 30 ಕಿ.ಮೀ. ಪೂರ್ವದ ಗುಮ್ಮಟದ ಬಾಗಿಲಿನಿಂದಲೇ ಒಳಗೆ ಹೋಗಿ. ಗಾರೆ ಉದುರಿದ ಕಡೆ ಕೈಯಿಟ್ಟು ನೋಡಿ, ಒಳಗಿನ ಒರಟು ಕಲ್ಲು, ಸುಣ್ಣ ಹಾಗೇ ಕಾಣುತ್ತವೆ. ನನಗಂತೂ ಪಾಲಿಶ್ ಮಾಡಿದ ಸ್ಮಾರಕಕ್ಕಿಂತ ಇದೇ ಜಾಸ್ತಿ ಇಷ್ಟ.

ಊರು ಕಟ್ಟಿಸಿದ್ದು ಬಹಮನಿ ಸುಲ್ತಾನ ಫಿರೋಜ್ ಶಾ, 1400ರ ಆಸುಪಾಸಿನಲ್ಲಿ. ಮೂರು ಕಡೆ ಕೋಟೆ ಗೋಡೆ, ನಾಲ್ಕನೇ ಕಡೆ ಹೊಳೆ. 1422ರಲ್ಲಿ ತಮ್ಮ ಅಹಮದ್ ಶಾ ಪಟ್ಟಕ್ಕೆ ಬಂದ, ಆಮೇಲೆ ರಾಜಧಾನಿ ಬೀದರಿಗೆ ಹೋಯಿತು. ಅರಮನೆ ಊರಿಗೆ ಅರಸನೇ ಇಲ್ಲ ಅಂದ್ರೆ ಇನ್ನೇನು ಉಳಿಯುತ್ತೆ, ಅಲ್ವಾ?

ಹಮಾಮುಗಳನ್ನು, ಅಂದರೆ ಹಳೆಯ ಸ್ನಾನಗೃಹಗಳನ್ನು, ನೋಡದೆ ಬಿಡಬೇಡಿ. ದಖ್ಖನಿನ ಹಳೆಯ ಹಮಾಮುಗಳ ಸಾಲಿಗೆ ಸೇರಿದವು. ಜಾಲಿ ಮುಳ್ಳಿದೆ, ಗಟ್ಟಿ ಚಪ್ಪಲಿ ಇರಲಿ.