ರೇಲ್ ಎಂದರೆ ಲೋಕಲ್ ಅಲ್ಲ

ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: "ಮೇಡಂ, ರೇಲ್ ಎಂದರೆ ನನಗೆ ಭಯ. ದೊಡ್ಡ ರೇಲ್ ಕಂಡರೆ ಕಾಲೇ ಏಳುವುದಿಲ್ಲ." ಮುಂಬಯಿಯ ಮಾಟುಂಗಾದಲ್ಲಿ ಆಪ್ತಸಲಹೆಗಾರಳಾಗಿ ಕುಳಿತವಳಿಗೆ ರೇಲ್ ಎಂದರೆ ಇನ್ನೇನು ಹೊಳೆಯಬೇಕು? ಲೋಕಲ್ ರೈಲಿನಿಂದ ಬಿದ್ದವರು, ಬೀಳುವವರನ್ನು ಕಣ್ಣಾರೆ ಕಂಡವರು, ದಾದರಿನ ಸೇತುವೆಯ ನೂಕುನುಗ್ಗಲಿನಲ್ಲಿ ಉಸಿರು ಕಟ್ಟಿದವರು ವರ್ಷಕ್ಕೆ ನಾಲ್ಕಾರು ಮಂದಿ ನನ್ನಲ್ಲಿಗೆ ಬರುತ್ತಾರೆ. ಆ ರೂಢಿಯಲ್ಲೇ "ಹಾಗಾದರೆ ಜನ ಕಡಿಮೆ ಇರುವ ಹೊತ್ತಿನಲ್ಲಿ, ಸ್ಲೋ ಗಾಡಿಯಲ್ಲಿ ಬನ್ನಿ" ಎಂದು ಸಲಹೆಯನ್ನೂ ಕೊಟ್ಟುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ದಾದರಿನವರೆಗೆ ಫಾಸ್ಟ್ ಲೋಕಲ್‌ನಲ್ಲೇ ಬರುತ್ತೇನೆ ಮೇಡಂ, ಅದಕ್ಕೇನೂ ಭಯವಿಲ್ಲ. ಇದು ಹಿಮದ ಮೇಲಿನ ರೇಲ್."

ಹೆಸರು, ಮನೆತನದ ಗುರುತು, ಓದಿನ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನೂ ಅವನ ತಾಯಿಯೂ ಒಪ್ಪಿದ್ದಾರೆ. ಇಲ್ಲಿ ಅವನು ಪ್ರಣವ್.

ವಯಸ್ಸು ಇಪ್ಪತ್ತನಾಲ್ಕು. ಕುಂದಾಪುರ ಕಡೆಯ ಕುಟುಂಬ, ಡೊಂಬಿವಲಿಯಲ್ಲಿ ಮನೆ, ತಂದೆಗೆ ಫೋರ್ಟಿನಲ್ಲಿ ಕ್ಯಾಂಟೀನಿನ ವ್ಯವಹಾರ. ಹದಿನೇಳನೆಯ ವಯಸ್ಸಿನಲ್ಲಿ ಗುಲ್ಮಾರ್ಗ್‌ಗೆ ಹೋಗಿ ಸ್ಕೀ ಕಲಿತು ಬಂದವನನ್ನು ಆ ಹುಚ್ಚು ಬಿಡಲಿಲ್ಲ. ಸ್ನಾತಕೋತ್ತರ ಓದಿಗೆ ಆಸ್ಟ್ರಿಯಾದ ಇನ್ಸ್‌ಬ್ರುಕ್ ಆರಿಸಿಕೊಂಡದ್ದರಲ್ಲಿ ವಿಶ್ವವಿದ್ಯಾಲಯದ ಪಾಲು ಎಷ್ಟು, ಊರಿನ ನೆತ್ತಿಯ ಮೇಲೇ ನಿಂತಿರುವ ನಾರ್ಡ್‌ಕೆಟ್ಟೆ ಬೆಟ್ಟಸಾಲಿನ ಪಾಲು ಎಷ್ಟು ಎಂದು ನಾನು ಕೇಳಲಿಲ್ಲ. ಜುಲೈಯಲ್ಲಿ ರಜೆಗೆ ಬಂದಿದ್ದ. ಅಕ್ಟೋಬರ್‌ನಲ್ಲಿ ಸ್ಟುಬಾಯ್ ಹಿಮನದಿಯ ಪಾರ್ಕ್ ತೆರೆಯುವಷ್ಟರಲ್ಲಿ ತಾನು "ಸರಿಯಾಗಬೇಕು" ಎಂಬುದು ಅವನ ಬೇಡಿಕೆ.

ಮೊದಲ ಭೇಟಿಯ ಮುಕ್ಕಾಲು ಪಾಲು ನನ್ನ ಪಾಠಕ್ಕೇ ಹೋಯಿತು. ಹಿಮ ಕಂಡವಳೇ ಅಲ್ಲ ನಾನು. ಮೇಜಿನ ಮೇಲಿದ್ದ ಮರದ ಸ್ಕೇಲನ್ನು ಎರಡು ಪುಸ್ತಕಗಳ ನಡುವೆ ಓರೆಯಾಗಿ ಇಟ್ಟು ಅವನೇ ತೋರಿಸಿದ. ಪಾರ್ಕ್ ಎಂದರೆ ಇಳಿಜಾರಿನಲ್ಲಿ ಹಾರುದಿಬ್ಬಗಳನ್ನೂ ರೇಲ್ ಎನ್ನುವ ಕಂಬಿಗಳನ್ನೂ ಹೂಡಿದ ಅಂಗಳ. ಹಿಂದೆ ಮುಂದೆ ಎರಡೂ ತುದಿ ಬಾಗಿದ ಸ್ಕೀಗಳನ್ನು ಕಟ್ಟಿಕೊಂಡು ಬಂದವರು ಚಿಮ್ಮಿ, ಅಡ್ಡ ತಿರುಗಿ, ಉಕ್ಕಿನ ಕಂಬಿಯ ಮೇಲೆ ಜಾರಿ ಆಚೆ ಇಳಿಯುತ್ತಾರೆ. ಮೆಟ್ಟಿಲಿನ ಕೈಹಿಡಿಯ ಮೇಲೆ ಮಕ್ಕಳು ಜಾರುವುದಿಲ್ಲವೇ, ಅದೇ ಆಟ. ಇಲ್ಲಿ ನಿಂತು ಜಾರಬೇಕು. ಕಲಿಯುವವರಿಗೆ ಪ್ಲಾಸ್ಟಿಕ್ ಹೊದಿಸಿದ ಅಗಲದ ಬಾಕ್ಸ್ ಇರುತ್ತದೆ. ಆಮೇಲೆ ಸಪಾಟು ಕಂಬಿ, ಇಳಿಜಾರು ಕಂಬಿ, ಕಾಮನಬಿಲ್ಲಿನಂತೆ ಬಾಗಿದ್ದು, ಕೊನೆಗೆ ಕಿಂಕ್: ಇಳಿದು, ನಡುವೆ ಮಟ್ಟವಾಗಿ, ಮತ್ತೆ ಇಳಿಯುವ ಕಂಬಿ. ಇಂಥ ಕಂಬಿಗಳೂ ದಿಬ್ಬಗಳೂ ಸೇರಿದ ಸ್ಲೋಪ್‌ಸ್ಟೈಲ್ 2014ರಲ್ಲಿ ಸೋಚಿಯಲ್ಲಿ ಒಲಿಂಪಿಕ್ಸ್ ಪ್ರವೇಶಿಸಿತು ಎಂದು ಹೇಳುವಾಗ ಅವನ ದನಿಯಲ್ಲಿ ಸ್ವಂತ ಮನೆಯ ಮದುವೆಯ ಸುದ್ದಿ ಹೇಳುವ ಹೆಮ್ಮೆಯಿತ್ತು.

ಎರಡು ಬೆರಳುಗಳನ್ನೇ ಕಾಲು ಮಾಡಿಕೊಂಡು ಸ್ಕೇಲಿನ ಮೇಲೆ ಜಾರಿಸುತ್ತಾ ವಿವರಿಸುತ್ತಿದ್ದ. ಬಾಕ್ಸ್‌ನ ಕಥೆ ಹೇಳುವಾಗ ಬೆರಳು ತುದಿಯವರೆಗೂ ಹೋಗುತ್ತಿತ್ತು. ಕಿಂಕ್ ಬಂದಾಗ ಅರ್ಧದಲ್ಲೇ ಎತ್ತಿಬಿಡುತ್ತಿದ್ದ. ಮೂರು ಬಾರಿ ಹೀಗಾಯಿತು. ಅವನಿಗೆ ಅದು ಗೊತ್ತೇ ಇರಲಿಲ್ಲ.

ನಡೆದದ್ದು ಫೆಬ್ರವರಿಯಲ್ಲಿ. ಗೆಳೆಯರು ಕೆಳಗೆ ಮೊಬೈಲ್ ಹಿಡಿದು ನಿಂತಿದ್ದಾರೆ. ಇವನಿಗೆ ಮನಸ್ಸಿಲ್ಲ, ಆದರೂ ಹೊರಟ. ಚಿಮ್ಮುವ ಕ್ಷಣದಲ್ಲಿ ಬೇಡ ಅನ್ನಿಸಿತು. ಅರ್ಧ ಚಿಮ್ಮಿದ, ಕಂಬಿ ಏರಿದ, ಮೈಯನ್ನು ಹಿಂದಕ್ಕೆ ಎಳೆದುಕೊಂಡ. ಸ್ಕೀಗಳು ಮುಂದೆ ಓಡಿದವು, ಇವನ ಪಕ್ಕೆ ಉಕ್ಕಿನ ಮೇಲೆ ಬಿತ್ತು. ಪಕ್ಕೆಲುಬು ಜಖಂಗೊಂಡು ಐದು ವಾರ ಕೆಮ್ಮಿದರೂ ನೋವು. ಅದು ಮಾಗಿದ ಮೇಲೆ ಪಾರ್ಕ್‌ಗೆ ಮರಳಿದವನು ಒಂದೇ ದಿನ ಹನ್ನೊಂದು ಬಾರಿ ಅದೇ ಕಂಬಿಯತ್ತ ಹೊರಟು ಹನ್ನೊಂದು ಬಾರಿಯೂ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ತಿರುಗಿಸಿದ್ದ. ಆ ಹನ್ನೊಂದನ್ನು ಅವನು ಸೋಲಿನ ಲೆಕ್ಕದಲ್ಲಿ ಬರೆದಿಟ್ಟಿದ್ದ.

ತಲೆಗೆ ಪೆಟ್ಟಾಗಿತ್ತೇ, ವೈದ್ಯರು ಮತ್ತೆ ಆಡಲು ಒಪ್ಪಿದ್ದಾರೆಯೇ, ನಿದ್ದೆ ಹೇಗಿದೆ, ಬಿದ್ದದ್ದು ಕನಸಿನಲ್ಲೋ ಎಚ್ಚರದಲ್ಲೋ ಈಗಲೇ ನಡೆಯುತ್ತಿರುವಂತೆ ಮರುಕಳಿಸುತ್ತದೆಯೇ ಎಂದು ವಿಚಾರಿಸಿದೆ. ಹೌದು ಎಂದಿದ್ದರೆ ಮುಂದಿನ ದಾರಿಯೇ ಬೇರೆಯಾಗುತ್ತಿತ್ತು. ಹಾಗೇನೂ ಇರಲಿಲ್ಲ. ತಲೆಗೆ ಏಟು ಬಿದ್ದಿರಲಿಲ್ಲ, ಹೆಲ್ಮೆಟ್ ಇತ್ತು, ನಿದ್ದೆ ಚೆನ್ನಾಗಿತ್ತು.

ಧೈರ್ಯ ಹೇಳುವುದು ನಮ್ಮವರಿಗೆ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದಷ್ಟು ಸಲೀಸು. "ಹೆದರಬೇಡ, ಹೋಗು" ಎಂದವರು ಅವನ ಸುತ್ತ ಬೇಕಾದಷ್ಟಿದ್ದರು. ನಾನೂ ಅದನ್ನೇ ಹೇಳುವುದಾದರೆ ಶುಲ್ಕ ತೆಗೆದುಕೊಳ್ಳುವುದು ತಪ್ಪು. ಅವನ ಭಯ ಹೇಳುತ್ತಿದ್ದುದರಲ್ಲಿ ಎಷ್ಟು ನಿಜ ಎಂದು ಮೊದಲು ಕೇಳಿಸಿಕೊಳ್ಳಬೇಕಿತ್ತು. ಕೇಳಿದರೆ ಸಾಕಷ್ಟು ನಿಜವೇ ಇತ್ತು. ಸರಳ ಇಳಿಜಾರು ಕಂಬಿಯನ್ನೇ ಅವನು ಹತ್ತರಲ್ಲಿ ಆರು ಬಾರಿ ಮಾತ್ರ ಕೊನೆಮುಟ್ಟಿಸುತ್ತಿದ್ದ. ಅಂಥವನನ್ನು ಕಿಂಕ್ ಕಂಬಿಯ ಮುಂದೆ ತಡೆದು ನಿಲ್ಲಿಸಿದ ಭಯಕ್ಕೆ ನಾನು ಕಾಯಿಲೆ ಎನ್ನಲಾರೆ.

ಎರಡನೆಯ ಭೇಟಿಯಲ್ಲಿ ಭಯದ ಏಣಿ ಬರೆಸಿದೆ. ಜೋಸೆಫ್ ವೋಲ್ಪಿ ಎಂಬ ಮನೋವೈದ್ಯ 1950ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಹೆದರಿಸುವ ಸಂಗತಿಗಳಿಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು, ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಎದುರಿಸುತ್ತಾ ಬರುವುದು. ಲೋಕಲ್‌ಗೆ ಹೆದರುವವರಿಗೂ ನಾನು ಇದನ್ನೇ ಮಾಡಿಸುತ್ತೇನೆ. ಆದರೆ ಅವನು ಬರೆದುಕೊಂಡು ಬಂದದ್ದು ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಮೂರೇ ಮೆಟ್ಟಿಲು. "ದೊಡ್ಡದು ಎಂದರೆ ಏನು ದೊಡ್ಡದು?" ಎಂದು ಕೇಳಿದೆ. ಎತ್ತರವೋ, ಉದ್ದವೋ, ಹಾರುದಿಬ್ಬಕ್ಕೂ ಕಂಬಿಗೂ ನಡುವಿನ ಖಾಲಿಯೋ, ಕಂಬಿಯ ಸಪೂರವೋ, ವೇಗವೋ, ಮುರಿವೋ? ಬಿಡಿಸಿ ಬಿಡಿಸಿ ಅಂಕ ಹಾಕಿದ. ಮಂಡಿಯೆತ್ತರದ ಕಂಬಿಗೆ 30, ಸೊಂಟದೆತ್ತರದ್ದಕ್ಕೆ 40. ಉದ್ದಕ್ಕೆ ಅಂಥ ಭಯವೇ ಇಲ್ಲ. ಖಾಲಿ ಜಾಗ ಹಾರಿ ಏರಬೇಕಾದದ್ದಕ್ಕೆ 60. ಕಿಂಕ್‌ನ ಮುರಿವಿಗೆ 90. ಹಾಗೆಯೇ ಕುತೂಹಲಕ್ಕೆ ಕೇಳಿದೆ: "ಅದೇ ಮಂಡಿಯೆತ್ತರದ ಕಂಬಿ, ಆದರೆ ಗೆಳೆಯರು ವಿಡಿಯೋ ಹಿಡಿದಿದ್ದಾರೆ?" ಪೆನ್ನು ತುಸು ತಡೆಯಿತು. 65 ಎಂದು ಬರೆದ.

ಸೊಂಟದೆತ್ತರದ ಉಕ್ಕಿಗಿಂತ ಅಂಗೈಯಗಲದ ಮೊಬೈಲ್ ಹೆಚ್ಚು ಹೆದರಿಸುತ್ತಿತ್ತು. ಯಾಕೆ ಎಂದು ಕೇಳಿದಾಗ ಅವನು ಗೆಳೆಯರ ನಗೆಯ ಮಾತೆತ್ತಲಿಲ್ಲ. "ಅಮ್ಮನಿಗೆ ಗೊತ್ತಾಗುತ್ತದೆ" ಎಂದ.

ಆ ಪಕ್ಕೆಲುಬಿಗೆ ಮನೆಯಲ್ಲಿ ಅವನು ಕೊಟ್ಟ ಕಾರಣ ಹಾಸ್ಟೆಲಿನ ಮೆಟ್ಟಿಲಿನ ಮಂಜು. ದಿನವೂ ಸಂಜೆ ಫೋನ್ ಮಾಡುವ ತಾಯಿಯ ಮೊದಲ ಪ್ರಶ್ನೆಯೇ "ಬಿದ್ದೆಯಾ?" ಅಂತೆ. ಕಂಬಿಯ ಮೇಲ್ಗಡೆ ನಿಂತಾಗಲೆಲ್ಲ ಅವನ ತಲೆಯಲ್ಲಿ ಓಡುತ್ತಿದ್ದುದು ಮತ್ತೆ ಬಿದ್ದರೆ ಈ ಬಾರಿ ಯಾವ ಮೆಟ್ಟಿಲಿನ ಕಥೆ ಕಟ್ಟಲಿ ಎಂಬ ಲೆಕ್ಕ. ಎರಡು ಹೊರೆಯನ್ನು ಒಂದೇ ಕಂಬಿಯ ಮೇಲೆ ಹೊತ್ತು ಜಾರಲು ಹೊರಟಿದ್ದ.

ಅದೇ ವಾರ ಆ ತಾಯಿಯಿಂದಲೇ ಫೋನ್ ಬಂತು. "ಅವನು ನಿಮ್ಮ ಹತ್ತಿರ ಏನು ಹೇಳುತ್ತಾನೆ ಮೇಡಂ? ಸ್ವಲ್ಪ ಬುದ್ಧಿ ಹೇಳಿ." ಅವನ ಒಪ್ಪಿಗೆ ಇಲ್ಲದೆ ಒಂದು ಮಾತನ್ನೂ ಹೇಳಲಾರೆ ಎಂದೆ. ಮುನಿಸಿಕೊಂಡರು. ಹಾಗೆಂದೇ, "ನನಗೆಲ್ಲ ಗೊತ್ತು. ಮಾರ್ಚ್‌ನಲ್ಲೇ ಅವನ ಅತ್ತೆಯ ಮಗಳು ವಿಡಿಯೋ ತೋರಿಸಿದ್ದಾಳೆ" ಎಂದು ಫೋನ್ ಇಟ್ಟರು. ಈಗ ಮಗನ ಗುಟ್ಟೂ ತಾಯಿಯ ಗುಟ್ಟೂ ನನ್ನಲ್ಲೇ. ಈ ವೃತ್ತಿಯಲ್ಲಿ ಇದಕ್ಕಿಂತ ಕಿರಿಕಿರಿಯ ಸ್ಥಿತಿ ಇನ್ನೊಂದಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಒಪ್ಪಿಸಿ ನಾಲ್ಕನೆಯ ಭೇಟಿಗೆ ಜೊತೆಯಾಗಿ ಕೂರಿಸಿದೆ. ಹೇಳಬೇಕಾದದ್ದನ್ನು ಅವರವರೇ ಹೇಳಬೇಕು ಎಂದು ಮೊದಲೇ ಷರತ್ತು ಹಾಕಿದ್ದೆ.

ಆ ದಿನ ನನಗೆ ಹೆಚ್ಚು ಕೆಲಸವಿರಲಿಲ್ಲ. ಮಗ ಮೆಟ್ಟಿಲಿನ ಸುಳ್ಳನ್ನು ಒಪ್ಪಿಕೊಂಡ. ತಾಯಿ ಅವನ ಮುಖ ನೋಡದೆ, "ಬಿದ್ದಾಗ ಮೊದಲು ಪಕ್ಕೆ ಮುಟ್ಟಿಕೊಂಡೆ, ಆಮೇಲೆ ಎದ್ದು ನಕ್ಕೆ. ಆ ನಗುವನ್ನು ನಾನು ಎಷ್ಟು ಬಾರಿ ನೋಡಿದ್ದೇನೋ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಜಗಳ ಮಾಮೂಲಿ ದಾರಿ ಹಿಡಿಯಿತು. "ನಮ್ಮ ದೇಶದವರು ಯಾರು ಮಾಡುತ್ತಾರೆ ಇದನ್ನೆಲ್ಲ?" ಎಂದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಕ್ರೀಡಾಪಟು ಗುಲ್ಮಾರ್ಗ್ ಕಡೆಯ ಆರಿಫ್ ಖಾನ್ ಎಂದ ಮಗ. "ಅವರೂ ಕಂಬಿ ಏರುತ್ತಾರೋ?" ಇಲ್ಲ, ಅವರದು ಧ್ವಜಕಂಬಗಳ ನಡುವೆ ತಿರುಗಿ ಇಳಿಯುವ ಸ್ಪರ್ಧೆ ಎಂದು ಇವನೇ ಒಪ್ಪಿಕೊಳ್ಳಬೇಕಾಯಿತು. ತಾಯಿ ನನ್ನತ್ತ ನೋಡಿದ ನೋಟದಲ್ಲಿ ಗೆದ್ದವರ ಕಳೆ ಇತ್ತು. ಬಿದ್ದರೆ ಅದೇ ದಿನ ಹೇಳುವುದು ಮಗನ ಪಾಲು, ಮೊದಲ ಪ್ರಶ್ನೆಯಾಗಿ ಅದನ್ನು ಕೇಳದಿರುವುದು ತಾಯಿಯ ಪಾಲು, ಅಷ್ಟಕ್ಕೆ ಒಪ್ಪಂದವಾಯಿತು. ಮುಂದಿನ ವಾರ ಅಂಕಗಳನ್ನು ಮತ್ತೆ ಬರೆಸಿದಾಗ ವಿಡಿಯೋದ 65 ಇಳಿದು 35 ಆಗಿತ್ತು. ಕಿಂಕ್ ಮಾತ್ರ 90ರಲ್ಲೇ ಇತ್ತು. ಅದು ಕಂಬಿಯದೇ ಭಯ. ಇನ್ನು ಅದರ ಜೊತೆ ನೇರವಾಗಿ ಮಾತಾಡಬಹುದಿತ್ತು.

ಕಂಬಿಯ ಮೇಲೆ ಭಯ ತಾನು ಹೆದರಿದ್ದನ್ನು ತಾನೇ ತಯಾರಿಸುತ್ತದೆ. ಇಳಿಜಾರು ಕಂಬಿಯಲ್ಲಿ ಮೈ ಕಂಬಿಗೆ ನೆಟ್ಟಗೆ ಇರಬೇಕು, ಅಂದರೆ ಇಳಿಜಾರಿನ ಕಡೆಗೇ ವಾಲಬೇಕು. ಹೆದರಿದವನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಕಾಲ ಕೆಳಗಿನಿಂದ ಸ್ಕೀ ಓಡುತ್ತದೆ. ಹೆದರಿದವನು ವೇಗ ತಗ್ಗಿಸುತ್ತಾನೆ, ನಡುವಿನ ಮಟ್ಟದಲ್ಲಿ ಸಿಕ್ಕಿಬೀಳುತ್ತಾನೆ. ಹೆದರಿದವನು ಕಾಲ ಕೆಳಗೆ ನೋಡುತ್ತಾನೆ. ನೋಡಬೇಕಾದದ್ದು ಕಂಬಿಯ ತುದಿಯನ್ನು. ಇದೆಲ್ಲ ನನ್ನ ಜ್ಞಾನವಲ್ಲ, ಅವನೇ ಹೇಳಿದ್ದು. ನಾನು ಮಾಡಿದ್ದು ಅವನ ಮಾತನ್ನು ಅವನ ಮುಂದೆ ಇಟ್ಟದ್ದು. ಪಕ್ಕೆ ಜಖಂಗೊಂಡದ್ದು ದೊಡ್ಡ ಕಂಬಿಯಿಂದ ಎಂದು ಅವನು ನಂಬಿದ್ದ. ಅವನದೇ ವಿವರಣೆಯ ಪ್ರಕಾರ ಅದು ಅರೆಮನಸ್ಸಿನಿಂದ.

ಆದ್ದರಿಂದ ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ತೀರ್ಮಾನದ ಜಾಗ. ಹೌದೋ ಅಲ್ಲವೋ ಎಂಬುದನ್ನು ಮೇಲೆ, ನಿಂತಲ್ಲೇ, ಬಾಯಿಬಿಟ್ಟು ಹೇಳಬೇಕು. ಬೇಡ ಎಂದರೆ ಕಂಬಿಯ ಪಕ್ಕದಲ್ಲಿ ನೆಮ್ಮದಿಯಾಗಿ ಇಳಿದು ಹೋಗಬೇಕು. ಅದು ಸೋಲಿನ ಲೆಕ್ಕಕ್ಕಿಲ್ಲ. ಹೌದು ಎಂದರೆ ಹಾರುದಿಬ್ಬದ ಬುಡದಲ್ಲಿ ಇನ್ನೊಮ್ಮೆ ಯೋಚಿಸಲು ಕೂರಬಾರದು. ಎದುರಿಗೆ ಯಾರಾದರೂ ಅಡ್ಡ ಬಂದರೆ, ವೇಗ ತಪ್ಪಿದ್ದು ಖಚಿತವಾಗಿ ಗೊತ್ತಾದರೆ ಮಾತು ಬೇರೆ. ಹನ್ನೊಂದು ಬಾರಿ ತಿರುಗಿಸಿದ್ದರಿಂದ ಆದ ಹಾನಿಯೂ ಇದೇ. ಪ್ರತಿ ಬಾರಿ ತಪ್ಪಿಸಿಕೊಂಡಾಗ ಸಿಗುವ ಆ ಹಾಯೆನಿಸುವಿಕೆಯೇ ಮನಸ್ಸಿಗೆ ಬಹುಮಾನವಾಗಿ, ಮುಂದಿನ ಬಾರಿ ಇನ್ನೂ ಬೇಗ ತಪ್ಪಿಸಿಕೊಳ್ಳಲು ಕಲಿಸುತ್ತದೆ.

ಒಮ್ಮೆಗೆ ಒಂದನ್ನೇ ಬದಲಿಸು ಎಂದೆ. ಉದ್ದ ಹೆಚ್ಚಿಸಿದ ದಿನ ಎತ್ತರ ಹೆಚ್ಚಿಸಬೇಡ. ಹೊಸ ಕಂಬಿಗೆ ಏರುವ ಮುನ್ನ ಅದರ ಪಕ್ಕದಲ್ಲೇ ಅದೇ ವೇಗದಲ್ಲಿ ಎರಡು ಬಾರಿ ಇಳಿದು ವೇಗವನ್ನು ಮೈಗೆ ಪರಿಚಯ ಮಾಡಿಸು. ಚಿಕ್ಕ ಕಂಬಿಯಿಂದ ಬೇಕೆಂದೇ ಅರ್ಧದಲ್ಲಿ ಜಿಗಿದು ಇಳಿಯುವುದನ್ನು ಕಲಿ, ದಾರಿಯಿಂದ ಹೊರಬರಲು ಗೊತ್ತಿದ್ದವನಿಗೆ ದಾರಿ ಅಷ್ಟು ಹೆದರಿಸುವುದಿಲ್ಲ. ದಣಿದ ಮೇಲೆ "ಇದೊಂದೇ ಕೊನೆ" ಎನ್ನಬೇಡ. ಸ್ಕೀಯ ಅಂಚು ಎಷ್ಟು ಮೊಂಡಾಗಿರಬೇಕು, ಭುಜ ಎತ್ತ ತಿರುಗಬೇಕು ಎಂಬುದಕ್ಕೆಲ್ಲ ಅಲ್ಲಿಯ ತರಬೇತುದಾರನನ್ನು ಕೇಳು. ಇಳಿಜಾರು ಕಂಬಿ ಹತ್ತರಲ್ಲಿ ಒಂಬತ್ತು ಬಾರಿ ಆಗುವವರೆಗೆ ಕಿಂಕ್‌ನ ಮಾತು ಬೇಡ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಸ್ವಸಾಮರ್ಥ್ಯದ ನಂಬಿಕೆಯ ಬಗ್ಗೆ ಬರೆದಾಗ, ಬೇರೆಯವರ ಉತ್ತೇಜನಕ್ಕಿಂತ ತಾನೇ ಮಾಡಿ ಗೆದ್ದ ಅನುಭವವೇ ಬಲವಾದದ್ದು ಎಂದಿದ್ದರು. ಕೆಳಗೆ ನಿಂತು ಕೂಗುವ ಗೆಳೆಯರು ಅದನ್ನು ಓದಿರಲಾರರು.

ಮುಂಬಯಿಯ ಮಳೆಗಾಲದಲ್ಲಿ ಇದನ್ನೆಲ್ಲ ಅಭ್ಯಾಸ ಮಾಡುವುದು ಹೇಗೆ? ಮನಸ್ಸಿನಲ್ಲೇ. ಆದರೆ ಮಂಚದ ಮೇಲೆ ಮಲಗಿ ಅಲ್ಲ. ಸ್ಕೀ ಬೂಟು ತೊಟ್ಟು, ನಿಂತು, ಮಂಡಿ ಬಗ್ಗಿಸಿ, ನಿಜವಾಗಿ ತಗಲುವಷ್ಟೇ ಹೊತ್ತಿನಲ್ಲಿ. ದಿನಕ್ಕೆ ಹತ್ತು ನಿಮಿಷ. ತಪ್ಪಿದ್ದನ್ನೂ ಕಾಣಬೇಕು, ತಪ್ಪಿದ ಮೇಲೆ ಪಕ್ಕಕ್ಕೆ ಜಿಗಿದು ಉಳಿದದ್ದನ್ನೂ ಕಾಣಬೇಕು. ಅಟ್ಟದಿಂದ ಬೂಟು ಇಳಿಸಿದರೆ ಒಳಪದರಕ್ಕೆ ಬೂಷ್ಟು ಹಿಡಿದಿತ್ತಂತೆ. ಡೊಂಬಿವಲಿಯ ಮೂರನೆಯ ಮಹಡಿಯಲ್ಲಿ ಬೆಳಗ್ಗೆ ಆರಕ್ಕೆ ಅವನು ಆ ಬೂಟಿನಲ್ಲಿ ಟಕಟಕ ಅಡ್ಡ ತಿರುಗುವಾಗ ಕೆಳಗಿನ ಮನೆಯವರು ಎರಡು ದಿನ ಸಹಿಸಿ, ಮೂರನೆಯ ದಿನ ಬಾಗಿಲು ತಟ್ಟಿದರು. ಆಮೇಲೆ ತಾಯಿ ಹಳೆಯ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು. ಒಳಪದರವನ್ನು ಕಳಚಿ ರಾತ್ರಿಯೆಲ್ಲ ಫ್ಯಾನಿನ ಕೆಳಗೆ ಒಣಗಿಸಿದ್ದೂ ಅವರೇ. ಏಳನೆಯ, ಕೊನೆಯ ಭೇಟಿಯಲ್ಲಿ ಆ ಸ್ಕೇಲನ್ನು ಮತ್ತೆ ಮುಂದಿಟ್ಟೆ. ಬೆರಳು ಮುರಿವಿನ ಹತ್ತಿರ ನಿಧಾನವಾಯಿತು, ಮೇಲಕ್ಕೇಳಲಿಲ್ಲ.

ಸ್ಟುಬಾಯ್‌ನಿಂದ ಅಕ್ಟೋಬರ್ ಕೊನೆಯಲ್ಲಿ ಸಂದೇಶ ಬಂತು: ಮೊದಲ ವಾರ ಬಾಕ್ಸ್ ಬಿಟ್ಟು ಕದಲಿಲ್ಲ, ಗೆಳೆಯರು ರೇಗಿಸಿದರು, ಇಳಿಜಾರು ಕಂಬಿ ಈಗ ಹತ್ತರಲ್ಲಿ ಎಂಟು. ಡಿಸೆಂಬರ್‌ನಲ್ಲಿ ಇನ್ನೊಂದು. ಕಿಂಕ್ ಕಂಬಿಯ ಮೇಲ್ಗಡೆ ನಿಂತು ಎರಡು ದಿನದಲ್ಲಿ ಐದು ಬಾರಿ ಬೇಡ ಎಂದು ಪಕ್ಕದಲ್ಲಿ ಇಳಿದನಂತೆ. ಆರನೆಯ ಬಾರಿ ಹೌದು ಎಂದು ಹೋಗಿ, ಎರಡನೆಯ ಮುರಿವಿನಲ್ಲಿ ಜಿಗಿದು ಹಿಮಕ್ಕೆ ಬಿದ್ದನಂತೆ. ಮೊಣಕೈ ಮಾತ್ರ ತರಚಿತ್ತು. ಸಂಜೆ ಅಮ್ಮನಿಗೆ ತಾನೇ ಫೋನ್ ಮಾಡಿ ಹೇಳಿದ್ದಾನೆ. ಅವರು ಎಲ್ಲ ಕೇಳಿಸಿಕೊಂಡು, ಬೂಟಿನ ಒಳಪದರ ಒಣಗಿಸಿಟ್ಟೆಯಾ ಎಂದು ವಿಚಾರಿಸಿದರಂತೆ.