ಎಸ್‌ಎಸ್‌ಐ ಬರುವ ಮಗನ ಹೆಸರಲ್ಲಿ ಎಷ್ಟು ದುಡ್ಡು ಇಡಬಹುದು?

ನೀವು ಕೇಳಿದ್ದು ಇಷ್ಟು: ಮಗ ಅಮೆರಿಕದಲ್ಲೇ ಹುಟ್ಟಿದವನು, 22 ವರ್ಷ, ಆಟಿಸಂ ಇದೆ, ಎಸ್‌ಎಸ್‌ಐ (ಆದಾಯ, ಆಸ್ತಿ ಕಡಿಮೆ ಇರುವ ಅಂಗವಿಕಲರಿಗೆ, ಹಿರಿಯರಿಗೆ ಅಮೆರಿಕ ಸರ್ಕಾರ ಕೊಡುವ ಮಾಸಿಕ ನೆರವು) ಬರುತ್ತಿದೆ. ಅಮ್ಮನ ಜೊತೆಗಿನ ಜಂಟಿ ಖಾತೆಯಲ್ಲಿ 1,840 ಡಾಲರ್ ಆಗಿದೆ. ಮೈಸೂರಿನ ಅಜ್ಜಿ ಅವನ ಹೆಸರಿಗೆ ಎರಡು ಲಕ್ಷ ರೂಪಾಯಿ ಎಫ್‌ಡಿ ಇಡಿಸುತ್ತೇನೆ ಅನ್ನುತ್ತಿದ್ದಾರೆ. ಬರುವ ಹಣ ನಿಲ್ಲದಂತೆ ಉಳಿತಾಯ ಮಾಡುವುದು ಹೇಗೆ?

ಮೊದಲು ಸೋಷಿಯಲ್ ಸೆಕ್ಯುರಿಟಿಯ (ಈ ಹಣ ಕೊಡುವ ಸರ್ಕಾರಿ ಇಲಾಖೆ) ಪತ್ರ ತೆಗೆದು, ಬರುತ್ತಿರುವುದು ಎಸ್‌ಎಸ್‌ಐ ಹೌದೋ ಎಸ್‌ಎಸ್‌ಡಿಐಯೋ (ದುಡಿಮೆಯ ಮೇಲೆ ಕಟ್ಟಿದ ತೆರಿಗೆಯ ಆಧಾರದಲ್ಲಿ ಬರುವ ಅಂಗವೈಕಲ್ಯ ವಿಮೆ) ನೋಡಿ. ಎಸ್‌ಎಸ್‌ಡಿಐ ಮಾತ್ರ ಆದರೆ ಉಳಿತಾಯಕ್ಕೆ ಮಿತಿಯೇ ಇಲ್ಲ, ಮುಂದಿನದ್ದನ್ನು ಓದಬೇಕಾಗಿಲ್ಲ.

ಎಸ್‌ಎಸ್‌ಐಗೆ ಒಬ್ಬರಿಗೆ 2,000 ಡಾಲರ್ ಮಿತಿ. 1989ರಿಂದ ಒಂದು ಡಾಲರೂ ಏರಿಲ್ಲ, ಆ ವಿಷಯ ಬಿಡಿ. ಲೆಕ್ಕ ಹಾಕುವುದು ಪ್ರತಿ ತಿಂಗಳ 1ನೇ ತಾರೀಖು ಶುರುವಾಗುವ ಕ್ಷಣಕ್ಕೆ. ತಿಂಗಳ ನಡುವೆ ಖಾತೆಯಲ್ಲಿ 2,600 ಇದ್ದರೂ 1ರಂದು ಒಳಗಿದ್ದರೆ ಸಾಕು. ಆದರೆ 1ರಂದು ನೂರು ಡಾಲರ್ ಹೆಚ್ಚಿದ್ದರೂ ಆ ತಿಂಗಳ ಪೂರ್ತಿ ಹಣ ಹೋಗುತ್ತದೆ. ಹೆಚ್ಚಾದ ನೂರು ಮಾತ್ರ ಕಳೆಯುವ ಪದ್ಧತಿ ಇಲ್ಲ. ಸೋಷಿಯಲ್ ಸೆಕ್ಯುರಿಟಿಯವರು ಬ್ಯಾಂಕುಗಳನ್ನು ಆನ್‌ಲೈನಲ್ಲೇ ವಿಚಾರಿಸುತ್ತಾರೆ. ಹೀಗಾಗಿ ಎಷ್ಟೋ ತಿಂಗಳಾದ ಮೇಲೆ 'ಹೆಚ್ಚುವರಿ ಪಾವತಿ ವಾಪಸ್ ಕೊಡಿ' ಅಂತ ಪತ್ರ ಬರುವುದುಂಟು. ಎಷ್ಟೋ ರಾಜ್ಯಗಳಲ್ಲಿ ಮೆಡಿಕೇಡ್ (ಸರ್ಕಾರದ ಆರೋಗ್ಯ ವಿಮೆ) ಎಸ್‌ಎಸ್‌ಐಗೇ ಅಂಟಿಕೊಂಡಿರುತ್ತದೆ, ನಿಜವಾದ ಪೆಟ್ಟು ಅಲ್ಲಿ.

ಒಂದು ಕಡೆ ಜನ ಸುಮ್ಮನೆ ಗಾಬರಿಯಾಗುತ್ತಾರೆ. 1ನೇ ತಾರೀಖು ಶನಿವಾರ ಬಂದರೆ ಹಣ ಹಿಂದಿನ ದಿನವೇ ಜಮೆಯಾಗುತ್ತದೆ. 2025ರ ನವೆಂಬರ್ 1 ಶನಿವಾರ, ಹಾಗಾಗಿ ನವೆಂಬರಿನ 967 ಡಾಲರ್ ಅಕ್ಟೋಬರ್ 31ಕ್ಕೇ ಬಂತು. ಆ ರಾತ್ರಿ ಖಾತೆಯಲ್ಲಿ 2,700 ಇತ್ತು ಅನ್ನಿ. 967 ನವೆಂಬರಿನ ಆದಾಯ, ಅದನ್ನು ಕಳೆದರೆ ಉಳಿದದ್ದು 1,733. ತೊಂದರೆಯಿಲ್ಲ. ಅದೇ ಹಣ ಖರ್ಚಾಗದೆ ಡಿಸೆಂಬರ್ 1ರವರೆಗೆ ಉಳಿದರೆ ಮಾತ್ರ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ. 1,840ರಲ್ಲಿ ಎಸ್‌ಎಸ್‌ಐ ಹಿಂಬಾಕಿ ಹಣ ಸೇರಿದ್ದರೆ, ಅದು ಬಂದ ತಿಂಗಳ ನಂತರ 9 ತಿಂಗಳು ಲೆಕ್ಕಕ್ಕಿಲ್ಲ.

ನನಗೆ ನಿಜವಾಗಿ ಕಳವಳ ತರುವುದು ಜಂಟಿ ಖಾತೆ. ಅದರಲ್ಲಿರುವುದೆಲ್ಲ ಎಸ್‌ಎಸ್‌ಐ ಪಡೆಯುವವನದೇ ಅಂತ ಅವರು ಹಿಡಿದುಕೊಳ್ಳುತ್ತಾರೆ. ಅಮ್ಮ ಒಂದು ದಿನ ತಮ್ಮ ಟ್ಯಾಕ್ಸ್ ರಿಫಂಡ್ ಅಲ್ಲಿಗೆ ಹಾಕಿಸಿಕೊಂಡರೆ ಮುಗಿಯಿತು. ಅಲ್ಲ ಅಂತ ತೋರಿಸಲು ಅವಕಾಶವಿದೆ, ಆದರೆ ಹಳೆಯ ಸ್ಟೇಟ್‌ಮೆಂಟು, ಲಿಖಿತ ಹೇಳಿಕೆ ಎಲ್ಲ ಒದಗಿಸಬೇಕು. ಅದಕ್ಕಿಂತ, ಅಮ್ಮ ಅವನ ಹಣದ ರೆಪ್ರೆಸೆಂಟೇಟಿವ್ ಪೇಯೀ (ಅವನ ಪರವಾಗಿ ಹಣ ಪಡೆದು ನಿರ್ವಹಿಸಲು ನೇಮಕವಾದವರು) ಆಗಿದ್ದರೆ, ಹಣ ಮಗನದು, ಅಮ್ಮ ನೋಡಿಕೊಳ್ಳುವವರು ಮಾತ್ರ ಅಂತ ಹೆಸರಲ್ಲೇ ಸ್ಪಷ್ಟವಾಗಿರುವ ಪ್ರತ್ಯೇಕ ಖಾತೆ ತೆರೆಯಿರಿ. ಮನೆಯ ದುಡ್ಡು ಅದರಲ್ಲಿ ಬೆರೆಯಬಾರದು.

ಉಳಿತಾಯಕ್ಕೆ ಏಬಲ್ ಖಾತೆ (ಅಂಗವಿಕಲರಿಗೆಂದೇ ಇರುವ ವಿಶೇಷ ಉಳಿತಾಯ ಖಾತೆ) ಮಾಡಿಸಿ. ಅಂಗವೈಕಲ್ಯ 26 ವರ್ಷಕ್ಕೆ ಮೊದಲೇ ಶುರುವಾಗಿರಬೇಕೆಂಬ ನಿಯಮವಿತ್ತು, 2026ರ ಜನವರಿಯಿಂದ ಅದು 46. ನಿಮ್ಮ ಮಗನಿಗೆ ಎರಡೂ ಸರಿ. ಹೊರರಾಜ್ಯದವರನ್ನೂ ಸೇರಿಸಿಕೊಳ್ಳುವ ರಾಜ್ಯಗಳ ಯೋಜನೆಗಳಿವೆ, ಶುಲ್ಕ ಹೋಲಿಸಿ ಆರಿಸಿ. ಒಬ್ಬರಿಗೆ ಒಂದೇ ಖಾತೆ. ಎಲ್ಲರೂ ಸೇರಿ ಹಾಕಬಹುದಾದದ್ದು 2025ಕ್ಕೆ 19,000 ಡಾಲರ್ ಇತ್ತು. ಒಟ್ಟು 1 ಲಕ್ಷ ಡಾಲರ್‌ವರೆಗೆ ಎಸ್‌ಎಸ್‌ಐ ಅದನ್ನು ಎಣಿಸುವುದಿಲ್ಲ. ವರ್ಗಾವಣೆಗೆ ಕೆಲವು ದಿನ ಹಿಡಿಯುತ್ತದೆ, 30ನೇ ತಾರೀಖಿನವರೆಗೆ ಕಾಯದೆ 22–23ಕ್ಕೇ ಹಾಕಿಬಿಡಿ. ಬಾಡಿಗೆಗೆ ಅಂತ ಅಲ್ಲಿಂದ ತೆಗೆದದ್ದನ್ನು ಅದೇ ತಿಂಗಳು ಕೊಟ್ಟು ಮುಗಿಸಿ. ಮುಂದಿನ 1ಕ್ಕೆ ಬ್ಯಾಂಕಿನಲ್ಲಿ ಬಿದ್ದಿದ್ದರೆ ಎಣಿಕೆಗೆ ಬರುತ್ತದೆ. ರಸೀದಿಗಳನ್ನು ಎತ್ತಿಡಿ.

ಉಡುಗೊರೆಯೂ ಹಾಗೇ. ಅತ್ತೆ ಹುಟ್ಟುಹಬ್ಬಕ್ಕೆ ಅವನ ಬ್ಯಾಂಕ್ ಖಾತೆಗೆ 500 ಡಾಲರ್ ಕಳಿಸಿದರೆ, ಬೇರೆ ಆದಾಯವಿಲ್ಲದಿದ್ದಲ್ಲಿ 20 ಬಿಟ್ಟು 480 ಡಾಲರ್ ಎಸ್‌ಎಸ್‌ಐನಲ್ಲಿ ಕಡಿತ. ಅದೇ 500 ನೇರ ಏಬಲ್‌ಗೆ ಹೋದರೆ ಕಡಿತವೇ ಇಲ್ಲ.

ಅಜ್ಜಿಗೆ ಎಫ್‌ಡಿ ಬೇಡ ಅಂತ ಹೇಳಿ. ಭಾರತದ ಖಾತೆಯೂ ಎಣಿಕೆಗೆ ಬರುತ್ತದೆ, ಎರಡು ಲಕ್ಷ ಒಂದೇ ಸಾಕು 2,000 ಡಾಲರ್ ದಾಟಲು. ಉಯಿಲಿನಲ್ಲಿ ನೇರ ಮೊಮ್ಮಗನ ಹೆಸರು ಬರೆದರೂ ಮುಂದೆ ಅದೇ ಗತಿ. ದೊಡ್ಡ ಮೊತ್ತವಿದ್ದರೆ ವಕೀಲರಿಂದ ಥರ್ಡ್ ಪಾರ್ಟಿ ಸ್ಪೆಷಲ್ ನೀಡ್ಸ್ ಟ್ರಸ್ಟ್ (ಬೇರೆಯವರ ಹಣದಿಂದ ಅಂಗವಿಕಲರಿಗಾಗಿ ಮಾಡುವ ಟ್ರಸ್ಟ್) ಮಾಡಿಸಿ, ಉಯಿಲಿನಲ್ಲಿ ಅದರ ಹೆಸರು ಹಾಕಿಸಿ. ಏಬಲ್‌ನಲ್ಲಿ ಉಳಿದ ಹಣದ ಮೇಲೆ ಅವನ ನಂತರ ಕೆಲವು ರಾಜ್ಯಗಳಲ್ಲಿ ಮೆಡಿಕೇಡ್ ಹಕ್ಕು ಕೇಳುತ್ತದೆ, ಇಂಥ ಟ್ರಸ್ಟಿನ ಮೇಲೆ ಕೇಳುವಂತಿಲ್ಲ.

ಮಿತಿ ಮೀರುವಂತಿದ್ದರೆ ಅಣ್ಣನ ಖಾತೆಗೆ ದಾಟಿಸಬೇಡಿ. ಬಿಟ್ಟಿ ವರ್ಗಾವಣೆಗೆ 36 ತಿಂಗಳವರೆಗೂ ಎಸ್‌ಎಸ್‌ಐ ನಿಲ್ಲಿಸಬಹುದು. ಅವನಿಗೇ ಮಂಚವೋ ಲ್ಯಾಪ್‌ಟಾಪೋ ಕೊಳ್ಳಿ, ಅವನ ಕ್ರೆಡಿಟ್ ಕಾರ್ಡ್ ಬಾಕಿ 1ಕ್ಕೆ ಮೊದಲೇ ತೀರಿಸಿ. ಸಾಲವನ್ನು ಅವರು ಲೆಕ್ಕದಿಂದ ಕಳೆಯುವುದಿಲ್ಲ. ಮೀರಿಯೇ ಹೋಗಿದ್ದರೆ ಮುಂದಿನ ತಿಂಗಳ 10ರೊಳಗೆ ತಿಳಿಸಿ, ತಿಳಿಸಿದ್ದಕ್ಕೆ ರಸೀದಿ ಕೇಳಿ ಇಟ್ಟುಕೊಳ್ಳಿ.