ಓದ್ತಿದ್ದೀನಿ ಅಂತ ಇನ್ನೆಷ್ಟು ದಿನ ಹೇಳಲಿ?

ಓದುಗರ ಪತ್ರ: ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು. 2023ರಲ್ಲಿ ಮಂಡ್ಯದಲ್ಲಿ ಬಿ.ಕಾಂ. ಮುಗಿಸಿದೆ. ಮೊದಮೊದಲು ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಂಪನಿಗಳಿಗೆಲ್ಲ ರೆಸ್ಯೂಮ್ ಕೊಟ್ಟು ಬಂದೆ. ಯಾರೂ ಫೋನ್ ಮಾಡಲಿಲ್ಲ. ಈಗ ಯಾರು ಕೇಳಿದರೂ ‘ಬ್ಯಾಂಕ್ ಎಕ್ಸಾಮ್‌ಗೆ ಓದ್ತಿದ್ದೀನಿ’ ಅನ್ನುತ್ತೇನೆ. ನಿಜ ಅಂದ್ರೆ ಪುಸ್ತಕ ಮುಟ್ಟಿ ತಿಂಗಳುಗಳೇ ಆದವು. ಅಪ್ಪನಿಗೆ ಗೊತ್ತಿಲ್ಲ. ಮಂಡ್ಯದ ಆಡಿಟರ್ ಆಫೀಸೊಂದರಲ್ಲಿ ತಿಂಗಳಿಗೆ ₹9,000 ಕೊಡುತ್ತೇವೆ ಬಾ ಅಂದಿದ್ದರು. ‘ಡಿಗ್ರಿ ಓದಿ ಒಂಬತ್ತು ಸಾವಿರಕ್ಕೆ ಹೋಗ್ತಾಳಾ’ ಅಂದರು ಸೋದರಮಾವ. ಬಿಟ್ಟುಬಿಟ್ಟೆ. ಯುವನಿಧಿ ದುಡ್ಡೂ ನಿಂತಿದೆ. ಮನೆಯಲ್ಲಿ ಮದುವೆ ಮಾತು ಶುರುವಾಗಿದೆ. ಬೆಳಿಗ್ಗೆ ಏಳೋಕೇ ಮನಸ್ಸಾಗಲ್ಲ. ಏನು ಮಾಡಲಿ? (ಹೆಸರು ಹಾಕಬೇಡಿ)

ಸಂಪಾದಕರ ಉತ್ತರ:

ತಂಗಿ, ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಆ ಆಡಿಟರ್ ಆಫೀಸಿಗೆ ಫೋನ್ ಮಾಡಿ. ಆ ಜಾಗ ತುಂಬಿದ್ದರೆ ಇನ್ನೊಂದು ಆಫೀಸಿಗೆ ಹೋಗಿ ಕೇಳಿ. ಯಾಕೆ ಅಂತ ಹೇಳುತ್ತೇನೆ.

‘ಓದ್ತಿದ್ದೀನಿ’ ಅನ್ನುವವರು ನೀವೊಬ್ಬರೇ ಅಲ್ಲ. ಮೈಸೂರಿನ ಯಾವ ಲೈಬ್ರರಿಯ ಹತ್ತಿರ ಬೇಕಾದರೂ ಹೋಗಿ ನೋಡಿ. ಬ್ಯಾಗಿನಲ್ಲಿ ಟಿಫನ್ ಬಾಕ್ಸ್, ನೀರಿನ ಬಾಟಲಿ, ನೋಟ್ಸಿನ ಝೆರಾಕ್ಸ್ ಕಟ್ಟು ಇಟ್ಟುಕೊಂಡು ಬೆಳಿಗ್ಗೆಯೇ ಬಂದು ಕೂರುವ ಹುಡುಗ ಹುಡುಗಿಯರಿದ್ದಾರೆ. ಮಧ್ಯೆ ಟೀ ಕುಡಿಯೋಕೆ ಹೊರಗೆ ಬಂದಾಗ ಒಂದೇ ಮಾತು: ನೋಟಿಫಿಕೇಶನ್ ಬಂತಾ? ಕಟ್ ಆಫ್ ಎಷ್ಟಿರಬಹುದು? ಅವರಲ್ಲಿ ನಿಜವಾಗಿ ಓದುವವರು ಬಹಳ ಜನ. ಆದರೆ ಮನೆಯಲ್ಲಿ ಕೇಳುವ ಪ್ರಶ್ನೆ ತಪ್ಪಿಸಿಕೊಳ್ಳೋಕೆ ಬಂದು ಕೂತವರೂ ಇದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮನ್ನೂ ಅಷ್ಟೇ.

ಯಾಕೆಂದರೆ ಈ ಕಾಯುವಿಕೆ ಓದುವವರ ಕೈಯಲ್ಲಿಲ್ಲ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ಕತೆ ನೆನಪಿದೆಯಲ್ಲ? 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಬರೆದವರೂ ಅಷ್ಟು ದಿನ ಸುಮ್ನೆ ಕಾದರು. ಆ ಹೊತ್ತಿನಲ್ಲಿ ಕೈಯಲ್ಲಿ ಬೇರೆ ಕೆಲಸ ಇದ್ದವರು ಹೇಗೋ ತಡೆದುಕೊಂಡರು. ಇಲ್ಲದವರು ಕುಸಿದರು.

ನಿಮ್ಮ ಊರಿನಲ್ಲಿ ಕಬ್ಬು ಹಾಕಿದವರು ಹೇಗೆ ಬದುಕುತ್ತಾರೆ ನೋಡಿ. ಕಬ್ಬು ಕಟಾವಿಗೆ ಬರೋಕೆ ವರ್ಷ ಬೇಕು, ದುಡ್ಡು ಬರೋದು ಇನ್ನೂ ತಡ. ಅಷ್ಟರವರೆಗೆ ಮನೆ ನಡೆಯೋದು ಬೆಳಿಗ್ಗೆ ಸಂಜೆ ಡೇರಿಗೆ ಹಾಕುವ ಹಾಲಿನಿಂದ. ಹಾಲು ಕರೆಯುತ್ತಾರೆ ಅಂತ ಅವರನ್ನು ಕಬ್ಬು ಬೆಳೆಯೋದು ಬಿಟ್ಟವರು ಅಂತ ಯಾರೂ ಅನ್ನುವುದಿಲ್ಲ. ಬ್ಯಾಂಕ್ ಪರೀಕ್ಷೆ ನಿಮ್ಮ ಕಬ್ಬು. ಇರಲಿ, ಬೆಳೆಯಲಿ.

ಅದರಲ್ಲೂ ಸರ್ಕಾರಿ ಬ್ಯಾಂಕುಗಳಿಗೆ ಜನರನ್ನು ಆರಿಸುವ ಐಬಿಪಿಎಸ್‌ನ ಕ್ಲರ್ಕ್ ಪರೀಕ್ಷೆ (ಈಗ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅನ್ನುತ್ತಾರೆ) ಹಿಡಿದುಕೊಳ್ಳಿ. ವರ್ಷದ ವೇಳಾಪಟ್ಟಿ ಜನವರಿಯಲ್ಲೇ ಬರುತ್ತೆ, ಯಾವಾಗ ಬರುತ್ತೋ ಅಂತ ಕಾಯುವ ಗೋಳಿಲ್ಲ. ಇಂಗ್ಲಿಷ್ ಭಾಗ ಬಿಟ್ಟು ಉಳಿದದ್ದನ್ನು ಕನ್ನಡದಲ್ಲೇ ಬರೆಯಬಹುದು. ವಯಸ್ಸು 28ರವರೆಗೆ, ಮೀಸಲಾತಿ ಇದ್ದರೆ ಇನ್ನೂ ಜಾಸ್ತಿ. ಮೊದಲ ಹಂತದ ಪ್ರಿಲಿಮ್ಸ್ ಅಂದರೆ 60 ನಿಮಿಷಕ್ಕೆ 100 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಇದಕ್ಕೆ ಇಡೀ ದಿನ ಪುಸ್ತಕದ ಮುಂದೆ ಕೂರುವುದಕ್ಕಿಂತ ಬೆಳಿಗ್ಗೆ ಎರಡು ಗಂಟೆ ಗಡಿಯಾರ ಇಟ್ಟುಕೊಂಡು ಲೆಕ್ಕ ಮಾಡುವುದೇ ಮೇಲು.

ಉಳಿದ ದಿನ ಆಡಿಟರ್ ಆಫೀಸು. ಅಲ್ಲಿ ಏನಿದೆ ಅಂತ ನಿಮ್ಮ ಮಾವನವರಿಗೆ ಗೊತ್ತಿರಲಾರದು. ಬೆಲ್ಲದ ಮಂಡಿಯವರು, ಹಾರ್ಡ್‌ವೇರ್ ಅಂಗಡಿಯವರು ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ಲುಗಳನ್ನು ತುರುಕಿಕೊಂಡು ಬರುತ್ತಾರೆ. ಅರ್ಧ ಮಾಸಿರುತ್ತೆ, ಕೆಲವಕ್ಕೆ ಜಿಎಸ್‌ಟಿ ನಂಬರೇ ಇರಲ್ಲ. ಅವನ್ನು ಜೋಡಿಸಿ ಟ್ಯಾಲಿಗೆ, ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರಿಗೆ, ಹಾಕಬೇಕು. ತಿಂಗಳ ರಿಟರ್ನ್ ಹಾಕುವವರಿಗೆ 11ನೇ ತಾರೀಕಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ. ಖರೀದಿ ಬಿಲ್ಲು ಜಿಎಸ್‌ಟಿ ಪೋರ್ಟಲ್ಲಿನ ಖರೀದಿ ಪಟ್ಟಿಯಾದ 2ಬಿಯಲ್ಲಿ ಕಾಣದಿದ್ದರೆ ಮಾರಿದವರಿಗೆ ಫೋನ್ ಮಾಡಿ ಬೆನ್ನು ಹತ್ತಬೇಕು. ಬಿ.ಕಾಂ.ನಲ್ಲಿ ಮೂರು ವರ್ಷ ಓದಿದ್ದು ಅಲ್ಲಿ ಕೈಗೆ ಹತ್ತುತ್ತೆ. ವರ್ಷ ಕಳೆದ ಮೇಲೆ ನೀವು ಹೆಬ್ಬಾಳದ ಕಂಪನಿಗೆ ಕೊಡುವ ರೆಸ್ಯೂಮ್ ಬೇರೆಯೇ ಇರುತ್ತೆ. ‘ನಿಮಗೆ ಏನು ಬರುತ್ತೆ’ ಅಂತ ಕೇಳಿದರೆ ಹೇಳೋಕೆ ಮಾತಿರುತ್ತೆ.

₹9,000 ಕಡಿಮೆಯೇ. ಮಾವನ ಸಿಟ್ಟಿನಲ್ಲಿ ನ್ಯಾಯವಿದೆ. ಓದಿದ ಮಕ್ಕಳನ್ನು ಇಷ್ಟು ಅಗ್ಗಕ್ಕೆ ದುಡಿಸಿಕೊಳ್ಳುವುದು ನನಗೂ ಸರಿ ಕಾಣುವುದಿಲ್ಲ. ಅದಕ್ಕೇ ಸೇರುವ ದಿನವೇ ಕೇಳಿ: ಆರು ತಿಂಗಳಾದ ಮೇಲೆ ಎಷ್ಟು ಮಾಡುತ್ತೀರಿ? ಆದರೆ ಸೊನ್ನೆಗೂ ಒಂಬತ್ತು ಸಾವಿರಕ್ಕೂ ಬಹಳ ದೂರ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ ಬರೋಕೆ ನಿಮಗೆ ಖರ್ಚಿಲ್ಲ. ಇನ್ನು ಯುವನಿಧಿ ನಿಂತಿದ್ದಕ್ಕೆ ಕೊರಗಬೇಡಿ. ಅದು ಇದ್ದದ್ದೇ ಹೆಚ್ಚೆಂದರೆ ಎರಡು ವರ್ಷಕ್ಕೆ.

ಈಗ ಅಪ್ಪನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಇದೇ. ಓದುತ್ತಿಲ್ಲ ಅನ್ನುವುದಕ್ಕಿಂತ ಓದುತ್ತಿರುವಂತೆ ಇರಬೇಕಾದ ಕಷ್ಟ ದೊಡ್ಡದು. ಅಪ್ಪ ಹೊಲದಿಂದ ಬರುವ ಸದ್ದಾದರೆ ಪುಸ್ತಕ ತೆರೆದಿಡುವ ಬದುಕು ಯಾರಿಗೂ ಬೇಡ. ಮಾವ, ಅತ್ತೆ ಯಾರೂ ಇಲ್ಲದ ಹೊತ್ತು ನೋಡಿ ಹೇಳಿ. ‘ಅಪ್ಪಾ, ಕೆಲವು ತಿಂಗಳಿಂದ ನಾನು ಓದಿಲ್ಲ. ಆಗ್ತಿಲ್ಲ. ಮಂಡ್ಯದಲ್ಲಿ ಕೆಲಸ ಇದೆ, ಹೋಗ್ತೀನಿ. ಬೆಳಿಗ್ಗೆ ಓದ್ಕೋತೀನಿ. ಒಂದು ವರ್ಷ ಮದುವೆ ಮಾತು ಬೇಡ.’ ಇಷ್ಟು ಸಾಕು. ಅವರು ಎರಡು ದಿನ ಮಾತು ಬಿಡಬಹುದು, ಬೈಯಲೂಬಹುದು. ಮಗಳು ಬೆಳಿಗ್ಗೆ ಎದ್ದು ಬಸ್ಸು ಹಿಡಿಯುವುದನ್ನು ಕಂಡ ಅಪ್ಪನ ಹತ್ತಿರ ಮದುವೆ ಮುಂದೂಡುವ ಮಾತು ಆಡುವುದು ಸುಲಭ. ಖಾಲಿ ಕೂತಿದ್ದಾಳೆ ಅನ್ನುವಾಗ ಕಷ್ಟ.

ಏಳೋಕೇ ಮನಸ್ಸಾಗಲ್ಲ ಅಂದಿರಿ. ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ವಾರಗಟ್ಟಲೆ ಹಾಗೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ದಿನದ 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರಂತೂ ಇವತ್ತೇ, ಈಗಲೇ ಮಾಡಿ. ಅಮ್ಮನಿಗೂ ಹೇಳಿ.

ಇನ್ನೊಂದು ಎಚ್ಚರಿಕೆ. ರಿಜಿಸ್ಟ್ರೇಶನ್ ಫೀಸು, ಟ್ರೈನಿಂಗ್ ಡೆಪಾಸಿಟ್ಟು ಅಂತ ಕೆಲಸಕ್ಕೆ ಮುಂಚೆಯೇ ದುಡ್ಡು ಕೇಳುವವರನ್ನು ನಂಬಬೇಡಿ. ಆನ್‌ಲೈನ್‌ನಲ್ಲಿ ಕಳೆದುಕೊಂಡರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಮಂಡ್ಯ, ಮೈಸೂರಿನ ಆಡಿಟರ್‌ಗಳು, ತೆರಿಗೆ ಸಲಹೆಗಾರರು ಇದನ್ನು ಓದುತ್ತಿದ್ದರೆ ನಮಗೆ ಬರೆಯಿರಿ. ಹೊಸಬರನ್ನು ತೆಗೆದುಕೊಳ್ಳುವಾಗ ನೀವು ಏನು ನೋಡುತ್ತೀರಿ, ಶುರುವಿಗೆ ಎಷ್ಟು ಕೊಡುತ್ತೀರಿ, ಎರಡನೇ ವರ್ಷಕ್ಕೆ ಎಷ್ಟು ಏರಿಸುತ್ತೀರಿ ಅಂತ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಈ ತಂಗಿಯಂಥವರು ನಮ್ಮ ಓದುಗರಲ್ಲಿ ಇನ್ನೂ ಬಹಳ ಜನ ಇದ್ದಾರೆ.